ಬಿಲ್ ಫಿಂಗರ್

ಬಿಲ್ ಫಿಂಗರ್ (ಫೆಬ್ರವರಿ 8, 1914 – ಜನವರಿ 18, 1974) ಅಮೆರಿಕದ ಕಾಮಿಕ್ ಪುಸ್ತಕಗಳ ಲೇಖಕರು. ಚಿತ್ರಕಾರ ಬಾಬ್ ಕೇನ್ ಅವರೊಡನೆ ಬ್ಯಾಟ್‌ಮ್ಯಾನ್ ಪಾತ್ರವನ್ನು ಸೃಷ್ಟಿಸಿದವರು ಇವರೇ ಆದರೂ, ಆ ಪಾತ್ರದ ಸೃಷ್ಟಿಕರ್ತರೆಂಬ ಅಧಿಕೃತ ಮನ್ನಣೆ ಇವರಿಗೆ ದೊರೆತದ್ದು 2015ರಲ್ಲಿ, ಅಂದರೆ ಮರಣಾನಂತರ ನಾಲ್ಕು ದಶಕಗಳು ಕಳೆದ ಮೇಲೆ.

ಆರಂಭಿಕ ಜೀವನ

ಫಿಂಗರ್ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಹುಟ್ಟು ಹೆಸರು ಮಿಲ್ಟನ್ ಫಿಂಗರ್. ತಂದೆ ದರ್ಜಿ. ಕುಟುಂಬವು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶಕ್ಕೆ ಬಂದು ನೆಲೆಸಿದ್ದರಿಂದ ಅವರು ಅಲ್ಲಿನ ಡಿವಿಟ್ ಕ್ಲಿಂಟನ್ ಪ್ರೌಢಶಾಲೆಯಲ್ಲಿ ಓದಿ, 1933ರಲ್ಲಿ ವ್ಯಾಸಂಗ ಮುಗಿಸಿದರು. ಅದು ಮಹಾ ಆರ್ಥಿಕ ಕುಸಿತದ ಕಾಲ. ಬರಹಗಾರನಾಗಬೇಕೆಂಬ ಹಂಬಲವಿದ್ದರೂ ಫಿಂಗರ್ ಪಾದರಕ್ಷೆಗಳನ್ನು ಮಾರುವ ಕೆಲಸ ಮಾಡಬೇಕಾಯಿತು. ಒಂದು ಸಂತೋಷಕೂಟದಲ್ಲಿ ಪರಿಚಯವಾದ ಬಾಬ್ ಕೇನ್, ತಮ್ಮ ಚಿತ್ರಗಳಿಗೆ ಕಥೆ ಬರೆದುಕೊಡುವಂತೆ ಕೇಳಿದರು. ಕಥೆ ಫಿಂಗರ್ ಅವರದು, ಅಚ್ಚಾಗುವ ಹೆಸರು ಕೇನ್ ಅವರದು. ಹೀಗೆ ಆರಂಭವಾದ ಪದ್ಧತಿಯೇ ಮುಂದೆಯೂ ಉಳಿದುಕೊಂಡಿತು.

ಬ್ಯಾಟ್‌ಮ್ಯಾನ್ ರೂಪುಗೊಂಡ ಬಗೆ

1938ರಲ್ಲಿ ಪ್ರಕಟವಾದ ಸೂಪರ್‌ಮ್ಯಾನ್ ಅಪಾರ ಜನಪ್ರಿಯತೆ ಗಳಿಸಿದಾಗ, ಅಂಥದೇ ಇನ್ನೊಬ್ಬ ನಾಯಕ ಪ್ರಕಾಶಕರಿಗೆ ಬೇಕಾಯಿತು. ಕೇನ್ ಒಂದು ಚಿತ್ರ ಬರೆದು ಫಿಂಗರ್ ಅವರಿಗೆ ತೋರಿಸಿದರು. ಅದರಲ್ಲಿದ್ದುದು ಕೆಂಪು ಉಡುಪು ತೊಟ್ಟು, ಕಣ್ಣಿಗೆ ಮಾತ್ರ ಕಿರುಮುಸುಕು ಕಟ್ಟಿ, ಬೆನ್ನಿಗೆ ಬಾವಲಿಯ ಬಿರುಸಾದ ರೆಕ್ಕೆಗಳನ್ನು ಜೋಡಿಸಿಕೊಂಡ ಯುವಕ. ಫಿಂಗರ್ ಸೂಚಿಸಿದ ಬದಲಾವಣೆಗಳನ್ನು ನೋಡಿದರೆ, ಇಂದು ಜಗತ್ತು ಬಲ್ಲ ರೂಪ ಯಾರದೆಂಬುದು ಸ್ಪಷ್ಟವಾಗುತ್ತದೆ. ಕಿರುಮುಸುಕಿನ ಬದಲು ಚೂಪು ಕಿವಿಗಳುಳ್ಳ ಪೂರ್ಣ ಮುಖಗವಸು, ರೆಕ್ಕೆಯ ಬದಲು ಹೆಗಲಿನಿಂದ ಇಳಿಬಿದ್ದ ಮೇಲುಹೊದಿಕೆ, ಕೈಗಳಿಗೆ ಕವಚ, ಕೆಂಪಿನ ಬದಲು ಮಬ್ಬಾದ ಬೂದು ಬಣ್ಣ ಇವೆಲ್ಲ ಅವರ ಸಲಹೆಗಳೇ. ನಾಯಕನ ನಿಜನಾಮವಾದ ಬ್ರೂಸ್ ವೇಯ್ನ್ ಎಂಬುದನ್ನು ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಮತ್ತು ಅಮೆರಿಕದ ಕ್ರಾಂತಿಯುದ್ಧದ ಸೇನಾನಿ ಆಂಟನಿ ವೇಯ್ನ್ ಇವರ ಹೆಸರುಗಳಿಂದ ಅವರು ಹೊಂದಿಸಿದರು.

1939ರ ಮೇ ತಿಂಗಳ ದಿನಾಂಕ ಹೊತ್ತ 'ಡಿಟೆಕ್ಟಿವ್ ಕಾಮಿಕ್ಸ್' 27ನೆಯ ಸಂಚಿಕೆಯಲ್ಲಿ ಬಂದ ಮೊದಲ ಬ್ಯಾಟ್‌ಮ್ಯಾನ್ ಕಥೆಯನ್ನು ಬರೆದವರು ಫಿಂಗರ್. ಅದು ಸಂಪೂರ್ಣ ಸ್ವತಂತ್ರ ಕೃತಿಯೇನೂ ಅಲ್ಲ. ಆ ಕಾಲದ ಅಗ್ಗದ ಕಥಾಪತ್ರಿಕೆಯ ನಾಯಕ 'ದ ಶ್ಯಾಡೊ'ನ ಕಥೆಯೊಂದನ್ನು ಆಧರಿಸಿದುದೆಂದು ಅವರೇ ಮುಂದೆ ಒಪ್ಪಿಕೊಂಡರು. ಆದರೆ ತರುವಾಯದ ಕಥೆಗಳಲ್ಲಿ ಬ್ಯಾಟ್‌ಮ್ಯಾನ್‌ನ ಲೋಕ ಬೆಳೆದದ್ದು ಬಹುಮಟ್ಟಿಗೆ ಅವರ ಲೇಖನಿಯಿಂದಲೇ. ಗಾಥಮ್ ಸಿಟಿ ಎಂಬ ಹೆಸರು ಅವರಿಗೆ ದೂರವಾಣಿ ಪುಸ್ತಕದಲ್ಲಿ ಕಂಡ ಒಡವೆ ಅಂಗಡಿಯೊಂದರಿಂದ ಹೊಳೆಯಿತು. 1940ರಲ್ಲಿ ಬಂದ ರಾಬಿನ್ ಮತ್ತು ಜೋಕರ್ ಪಾತ್ರಗಳ ಮೊದಲ ಕಥೆಗಳೂ ಅವರವೇ. ಜೋಕರ್‌ನನ್ನು ಕಲ್ಪಿಸಿದವರು ಯಾರೆಂಬ ಬಗ್ಗೆ ಕೇನ್, ಸಹಾಯಕ ಚಿತ್ರಕಾರ ಜೆರ್ರಿ ರಾಬಿನ್ಸನ್ ಮತ್ತು ಫಿಂಗರ್ ಹೇಳಿದ ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ. 1928ರ 'ದ ಮ್ಯಾನ್ ಹೂ ಲಾಫ್ಸ್' ಚಿತ್ರದ ನಟ ಕಾನ್ರಾಡ್ ವೈಟ್ ಅವರ ಭಾವಚಿತ್ರವನ್ನು ಫಿಂಗರ್ ಮಾದರಿಯಾಗಿ ತಂದುಕೊಟ್ಟರೆಂಬುದಂತೂ ಪ್ರಸಿದ್ಧವಾಗಿದೆ.

ಬರವಣಿಗೆಯ ರೀತಿ

ಕಾಮಿಕ್ ಲೇಖಕನು ಸಂಭಾಷಣೆಯಷ್ಟನ್ನೇ ಬರೆದರೆ ಸಾಲದು, ಪ್ರತಿ ಚೌಕದಲ್ಲಿ ಏನು ಕಾಣಬೇಕೆಂಬುದನ್ನೂ ಚಿತ್ರಕಾರನಿಗೆ ತಿಳಿಸಬೇಕು. ಫಿಂಗರ್ ಈ ಕೆಲಸದಲ್ಲಿ ನಿಷ್ಣಾತರು. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಹಸ್ತಪ್ರತಿಯೊಡನೆ ಲಗತ್ತಿಸುತ್ತಿದ್ದರು. ಕಥೆಗೆ ಒದಗಬಹುದಾದ ಸಂಗತಿಗಳನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ಅವರ ರೂಢಿ. ಮನೆಯಷ್ಟು ದೊಡ್ಡ ಬೆರಳಚ್ಚು ಯಂತ್ರದಂತಹ ದೈತ್ಯ ವಸ್ತುಗಳ ನಡುವೆ ನಡೆಯುವ ಹೊಡೆದಾಟ ಅವರ ಕಥೆಗಳ ಗುರುತಾಯಿತು. ಇಷ್ಟು ಶ್ರದ್ಧೆಯ ಫಲವಾಗಿ ಬರವಣಿಗೆ ನಿಧಾನವಾಗುತ್ತಿತ್ತು. ಗಡುವು ಮೀರುವವರೆಂಬ ಅಪಖ್ಯಾತಿ ಅವರಿಗೆ ಕೊನೆಯವರೆಗೂ ಅಂಟಿಕೊಂಡಿತ್ತು.

ಬ್ಯಾಟ್‌ಮ್ಯಾನ್ ಹೊರತಾಗಿ, ಚಿತ್ರಕಾರ ಮಾರ್ಟಿನ್ ನೊಡೆಲ್ ಅವರೊಡನೆ 1940ರಲ್ಲಿ 'ಗ್ರೀನ್ ಲ್ಯಾಂಟರ್ನ್' ಪಾತ್ರವನ್ನು ರೂಪಿಸಿದರು. ಸೂಪರ್‌ಮ್ಯಾನ್ ಮತ್ತು ಸೂಪರ್‌ಬಾಯ್ ಕಥೆಗಳನ್ನೂ ಬರೆದರು. ಲಾನಾ ಲ್ಯಾಂಗ್ ಪಾತ್ರ ಅವರ ಕೊಡುಗೆ.

ಮನ್ನಣೆಯ ಪ್ರಶ್ನೆ

ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡವರು ಕೇನ್ ಒಬ್ಬರೇ. ಅದರಂತೆ ಬ್ಯಾಟ್‌ಮ್ಯಾನ್‌ನ ಏಕೈಕ ಸೃಷ್ಟಿಕರ್ತರೆಂದು ಅವರ ಹೆಸರೇ ಎಲ್ಲೆಡೆ ಅಚ್ಚಾಯಿತು. ಫಿಂಗರ್ ಕೂಲಿಗೆ ಬರೆಯುವ ಲೇಖಕರಾಗಿಯೇ ಉಳಿದರು. 1965ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಾಮಿಕ್ ಅಭಿಮಾನಿಗಳ ಸಮಾವೇಶದಲ್ಲಿ ಅವರು ಮಾತನಾಡಿದ ನಂತರ, ಜೆರ್ರಿ ಬೇಲ್ಸ್ ಎಂಬ ಅಭಿಮಾನಿ ಅವರ ಪಾತ್ರವೇನೆಂಬುದನ್ನು ಲೇಖನವೊಂದರಲ್ಲಿ ಬಹಿರಂಗಪಡಿಸಿದರು. ಕೇನ್ ಬಹಿರಂಗ ಪತ್ರ ಬರೆದು ಅದನ್ನು ಅಲ್ಲಗಳೆದರು. 1966ರ ದೂರದರ್ಶನ ಧಾರಾವಾಹಿಯ ಎರಡು ಕಂತುಗಳನ್ನು ಫಿಂಗರ್ ಚಾರ್ಲ್ಸ್ ಸಿಂಕ್ಲೇರ್ ಜೊತೆಗೂಡಿ ಬರೆದರು. ಅವರ ಜೀವಿತಕಾಲದಲ್ಲಿ ತೆರೆಯ ಮೇಲೆ ಬ್ಯಾಟ್‌ಮ್ಯಾನ್‌ನೊಂದಿಗೆ ಅವರ ಹೆಸರು ಕಾಣಿಸಿಕೊಂಡದ್ದು ಅದೊಂದೇ ಸಲ.

1974ರಲ್ಲಿ, 59ನೆಯ ವಯಸ್ಸಿನಲ್ಲಿ, ಫಿಂಗರ್ ಮ್ಯಾನ್‌ಹಟನ್‌ನ ತಮ್ಮ ಮನೆಯಲ್ಲಿ ನಿಧನರಾದರು. ಅನಾಥ ಶವಗಳ ಸ್ಮಶಾನದಲ್ಲಿ ಅವರನ್ನು ಹೂಳಲಾಯಿತೆಂಬ ವದಂತಿ ಬಹುಕಾಲ ಹಬ್ಬಿತ್ತು. ಅದು ನಿಜವಲ್ಲ. ಮಗ ಫ್ರೆಡ್ ಅವರ ಚಿತಾಭಸ್ಮವನ್ನು ಒರೆಗಾನ್‌ನ ಕಡಲತೀರದಲ್ಲಿ ಬಾವಲಿಯ ಆಕಾರದಲ್ಲಿ ಹರಡಿದ್ದರು.

ಕೇನ್ 1989ರ ಆತ್ಮಚರಿತ್ರೆಯಲ್ಲಿ ಫಿಂಗರ್ ಅವರ ಕೊಡುಗೆಯನ್ನು ಒಪ್ಪಿಕೊಂಡರೂ ಒಪ್ಪಂದ ಬದಲಾಗಲಿಲ್ಲ. ಲೇಖಕ ಮಾರ್ಕ್ ಟೈಲರ್ ನೊಬಲ್‌ಮನ್ ವರ್ಷಗಟ್ಟಲೆ ಸಂಶೋಧನೆ ನಡೆಸಿ 2012ರಲ್ಲಿ ಫಿಂಗರ್ ಅವರ ಜೀವನಚರಿತ್ರೆಯನ್ನು ಮಕ್ಕಳ ಸಚಿತ್ರ ಪುಸ್ತಕವಾಗಿ ಪ್ರಕಟಿಸಿದರು. ಅವರು ಪತ್ತೆಹಚ್ಚಿದ ಮೊಮ್ಮಗಳು ಅಥೀನಾ ಫಿಂಗರ್ ಹಕ್ಕೊತ್ತಾಯಕ್ಕೆ ಮುಂದಾದರು. 2015ರ ಸೆಪ್ಟೆಂಬರಿನಲ್ಲಿ ಡಿಸಿ ಸಂಸ್ಥೆ ಒಪ್ಪಿಗೆ ಸೂಚಿಸಿತು. ಅಂದಿನಿಂದ, 2016ರ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್' ಚಲನಚಿತ್ರವೂ ಸೇರಿದಂತೆ, ಕೇನ್ ಹೆಸರಿನೊಡನೆ ಫಿಂಗರ್ ಹೆಸರೂ ಕಾಣುತ್ತಿದೆ.

ಗೌರವಗಳು

1994ರಲ್ಲಿ ಜ್ಯಾಕ್ ಕರ್ಬಿ ಹಾಗೂ 1999ರಲ್ಲಿ ವಿಲ್ ಐಸ್ನರ್ ಗೌರವ ಪಟ್ಟಿಗಳಿಗೆ ಅವರನ್ನು ಸೇರಿಸಲಾಯಿತು. ಜೆರ್ರಿ ರಾಬಿನ್ಸನ್ ಅವರ ಪ್ರಯತ್ನದಿಂದ 2005ರಲ್ಲಿ ಸ್ಥಾಪಿತವಾದ ಬಿಲ್ ಫಿಂಗರ್ ಪ್ರಶಸ್ತಿಯನ್ನು ತಕ್ಕ ಮನ್ನಣೆ ಕಾಣದ ಕಾಮಿಕ್ ಲೇಖಕರಿಗೆ ಸ್ಯಾನ್ ಡಿಯಾಗೊದ ಕಾಮಿಕ್ ಸಮಾವೇಶದಲ್ಲಿ ನೀಡಲಾಗುತ್ತದೆ. 2017ರಲ್ಲಿ ಬ್ರಾಂಕ್ಸ್‌ನ ಒಂದು ಬೀದಿಗೆ ಅವರ ಹೆಸರಿಡಲಾಯಿತು. ಕೇನ್ ಮತ್ತು ಫಿಂಗರ್ ಕುಳಿತು ಕಥೆಗಳನ್ನು ಚರ್ಚಿಸುತ್ತಿದ್ದ ಪೋ ಉದ್ಯಾನ ಅಲ್ಲಿಯೇ ಇದೆ.