ಮರೆತ ಕೈಗೆ ಮರಳಿ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕೈಯೇ ಬಂಡವಾಳ. ವರ್ಷದಷ್ಟು ಕಾಲ ಅಟ್ಟದ ಮೇಲೆ ಒಣಗಿದ ಕಾಯಿಯ ಮಟ್ಟೆ ಸುಲಿದು, ಕರಟವನ್ನು ಹದವರಿತು ತಟ್ಟಿ, ಒಳಗಿನ ಉಂಡೆ ಕೊಬ್ಬರಿ ಒಡೆಯದಂತೆ ಬಿಡಿಸಬೇಕಾದರೆ ಎರಡೂ ಕೈಗಳು ಮಾತು ಕೇಳಬೇಕು. ಪಾರ್ಶ್ವವಾಯು ಬಡಿದು ಅಂಥ ಕೈಯೊಂದು ಜೋತುಬಿದ್ದರೆ ಮನೆಯ ಸಂಪಾದನೆಯೇ ಜೋತುಬಿದ್ದಂತೆ.

ಕೆಟ್ಟಿರುವುದು ಕೈಯಲ್ಲ, ಮೆದುಳು. ರಕ್ತನಾಳವೊಂದು ಕಟ್ಟಿಯೋ ಒಡೆದೋ ಎಡಮೆದುಳು ಘಾಸಿಗೊಂಡರೆ ಬಲಗೈ ಸೋಲುತ್ತದೆ. ಎಷ್ಟೋ ಮಂದಿ ಕೆಲವು ತಿಂಗಳಲ್ಲಿ ಕೋಲೂರಿ ಅಂಗಳದವರೆಗೆ ನಡೆದಾರು; ಕೈ ಮಾತ್ರ ಹಿಂದುಳಿಯುತ್ತದೆ. ಇದಕ್ಕೆ ಮನೆಯವರ ಮಮತೆಯೂ ಅಷ್ಟಿಷ್ಟು ಕಾರಣವೆಂದರೆ ವಾಚಕರು ಬೇಸರಪಡಬಾರದು. ಸೊಸೆ ಅನ್ನ ಕಲಸಿಕೊಡುತ್ತಾಳೆ, ಮಗ ಅಂಗಿ ತೊಡಿಸುತ್ತಾನೆ, ಉಳಿದದ್ದನ್ನು ಒಳ್ಳೆಯ ಕೈ ಮಾಡಿ ಮುಗಿಸುತ್ತದೆ. ಕೆಲಸವಿಲ್ಲದ ಸೋತ ಕೈ ತನ್ನಲ್ಲಿ ಉಳಿದಿದ್ದ ಅಲ್ಪ ಶಕ್ತಿಯನ್ನೂ ಮರೆಯುತ್ತದೆ.

ಈ ಮರೆವನ್ನು ಬೆಳಕಿಗೆ ತಂದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೌಬ್ ಪ್ರಮುಖರು. ಕೋತಿಯ ಒಂದು ಕೈಯ ಸ್ಪರ್ಶನರಗಳನ್ನು ಕತ್ತರಿಸಿದಾಗ ಅದು ಆ ಕೈಯ ಬಳಕೆಯನ್ನೇ ಬಿಟ್ಟಿತು. ಒಳ್ಳೆಯ ಕೈಯನ್ನು ಕಟ್ಟಿದಾಗ, ಬಿಟ್ಟ ಕೈಯನ್ನೇ ಬಳಸತೊಡಗಿತು. (ಅವರ ಪ್ರಯೋಗಶಾಲೆಯ ಕೋತಿಗಳ ಪಾಡು 1981ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದು ಬೇರೆಯೇ ಕಥೆ.) ಇದೇ ಉಪಾಯವನ್ನು ರೋಗಿಗಳಲ್ಲಿ ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯು ಬಡಿದು 3ರಿಂದ 9 ತಿಂಗಳಾಗಿದ್ದ 222 ಮಂದಿ ಅದರಲ್ಲಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಎರಡು ವಾರ, ಎಚ್ಚರವಿದ್ದ ಹೊತ್ತಿನ ಬಹುಪಾಲು ಒಳ್ಳೆಯ ಕೈಗೆ ಗವಸು ತೊಟ್ಟು, ಸೋತ ಕೈಯಿಂದ ದಿನಕ್ಕೆ 6 ಗಂಟೆಯವರೆಗೂ ಅಭ್ಯಾಸ ಮಾಡಿದರು. ಒಂದು ವರ್ಷದ ಬಳಿಕವೂ ಅವರ ಕೈ ಉಳಿದವರ ಕೈಗಿಂತ ಚುರುಕಾಗಿತ್ತು. ಮಣಿಕಟ್ಟನ್ನೂ ಬೆರಳುಗಳನ್ನೂ ಕೊಂಚವಾದರೂ ಎತ್ತಬಲ್ಲವರಿಗೆ ಮಾತ್ರ ಈ ಕ್ರಮವೆಂಬುದನ್ನು ಮರೆಯಲಾಗದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ರೋಗಿಗಳಿಗೆ ಪುನಶ್ಚೇತನ ವಿಭಾಗವೇ ಉಂಟು. ಆದರೆ ತಿಪಟೂರಿನಿಂದ ನಿತ್ಯವೂ ಸುಮಾರು 140 ಕಿಲೋಮೀಟರು ಹೋಗಿಬರುವುದು ಯಾರಿಂದಾದೀತು? ಚಿಕಿತ್ಸಕರು ಕೈಯನ್ನು ಪರೀಕ್ಷಿಸಿ ಕ್ರಮ ಹೇಳಿಕೊಟ್ಟ ಮೇಲೆ ಮನೆಯೇ ಪಾಠಶಾಲೆ. ಸಾಮಗ್ರಿಗೇನೂ ಕೊರತೆಯಿಲ್ಲ. ಪೊರಕೆಯ ಕಡ್ಡಿಗಳನ್ನು ಒಂದೊಂದಾಗಿ ಆರಿಸಬಹುದು, ನಾರು ಬಿಡಿಸಬಹುದು, ಕರಟದಿಂದ ಕರಟಕ್ಕೆ ಹುರುಳಿಕಾಳು ಸುರಿಯಬಹುದು, ಒಣಕಾಯಿಯನ್ನು ಎರಡೂ ಕೈಗಳಿಂದ ಉರುಳಿಸಬಹುದು. ರಬ್ಬರು ಚೆಂಡು ಹಿಸುಕುವ ರೂಢಿ ಎಲ್ಲರಿಗೂ ಹಿತವಲ್ಲ. ಬಿಗಿದ ಮುಷ್ಟಿಗೆ ಬೇಕಾದದ್ದು ಬಿಚ್ಚುವ ಅಭ್ಯಾಸ. ಸೋತ ತೋಳನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಿದರೆ ಭುಜಕ್ಕೆ ಅಪಾಯ. ಸ್ಪರ್ಶ ತಿಳಿಯದ ಕೈಯಿಂದ ಮಚ್ಚು, ಒಲೆ ಎರಡೂ ದೂರವಿರಲಿ.

ಮೊದಲ ಮೂರು ತಿಂಗಳ ಚೇತರಿಕೆ ಸಾಮಾನ್ಯವಾಗಿ ವೇಗದ್ದು. ಆಮೇಲಿನದು ನಿಧಾನ, ಆದರೆ ಅಲ್ಲಿಗೇ ನಿಲ್ಲಬೇಕೆಂದಿಲ್ಲ. ಬೆಳಗ್ಗೆ ನೀರಿನ ಚೊಂಬನ್ನು ಸೋತ ಕೈಯ ಬದಿಗೇ ಇಡಬೇಕು. ಅರ್ಧ ನೀರು ಚೆಲ್ಲುತ್ತದೆ. ನೆಲ ಒರೆಸಿ, ಚೊಂಬು ತುಂಬಿ, ಮತ್ತೆ ಅಲ್ಲಿಯೇ ಇಡಬೇಕು.