ಥಾರ್ ಮನೆಗೆ ಬಂದು 10 ವರ್ಷ

ನಮ್ಮ ಕಡೆಯ ಮದುವೆ ಹಾಲ್‌ಗಳ ಎದುರು ಈಗ ಒಂದೆರಡಾದರೂ ಥಾರ್ ನಿಂತಿರುತ್ತವೆ. ಗಲ್ಫಿನಿಂದ ರಜೆಯಲ್ಲಿ ಬಂದ ಹುಡುಗರು ಮೊದಲು ವಿಚಾರಿಸುವುದೂ ಅದನ್ನೇ. ಕಪ್ಪು ಬಣ್ಣ, ದೊಡ್ಡ ಟಯರು, ಎದುರಿಗೆ ಕಬ್ಬಿಣದ ಗಾರ್ಡ್, ಮೇಲೆ ಸಾಲು ಲೈಟ್. ಗಾಡಿ ತರುವ ದಿನದ ಸಂಭ್ರಮ ಎಲ್ಲರಿಗೂ ಗೊತ್ತುಂಟು. ತಂದ ಮೇಲೆ ಅದರೊಂದಿಗೆ ಹತ್ತು ವರ್ಷ ಬಾಳುವುದು ಹೇಗೆ ಎಂದು ಹೇಳುವವರು ಕಡಿಮೆ. ನಮ್ಮ ಮನೆಯ ಥಾರ್‌ಗೆ ಈಗ 10 ವರ್ಷ ತುಂಬಿದೆ. ಓಡಿದ್ದು 1 ಲಕ್ಷ 10 ಸಾವಿರ ಕಿಲೋಮೀಟರ್. ಹಾಗಾಗಿ ನಾಲ್ಕು ಮಾತು ಹೇಳಬಹುದು ಅನಿಸಿತು.

ನಾವು ಎಂದರೆ ಮೂವರು ಅಣ್ಣತಮ್ಮಂದಿರು. ಬೆಳ್ತಂಗಡಿ ತಾಲೂಕಿನ ಗುಡ್ಡೆಯ ಬದಿಯಲ್ಲಿ ಉಪ್ಪ ಬೆವರು ಸುರಿಸಿ ಮಾಡಿದ ಅಡಿಕೆ ತೋಟ ಉಂಟು. ಡಾಮರು ರಸ್ತೆಯಿಂದ ತೋಟಕ್ಕೆ ಎರಡು ಕಿಲೋಮೀಟರ್ ಮಣ್ಣಿನ ಏರು. ಜೂನ್ ತಿಂಗಳಲ್ಲಿ ಒಂದು ವಾರ ಮಳೆ ಬಂದರೆ ಸಾಕು, ಸಾಧಾರಣ ಕಾರು ಅಲ್ಲಿ ಒಂದು ಮಾರು ಮುಂದೆ ಹೋಗದು. 2015ರ ಕೊನೆಗೆ ಮೂವರೂ ಸೇರಿ ಗಾಡಿ ತೆಗೆದದ್ದು ಆ ಏರಿಗಾಗಿ.

ಕಂಪೆನಿಯೇ ಸೇರಿಸಿದ್ದು ಎಂತ?

ಮಹೀಂದ್ರದವರು ಥಾರ್ ಬಿಟ್ಟದ್ದು 2010ರಲ್ಲಿ. 2.5 ಲೀಟರಿನ ಡೀಸೆಲ್ ಎಂಜಿನ್, 105 ಕುದುರೆ ಶಕ್ತಿ, ನಾಲ್ಕೂ ಚಕ್ರಕ್ಕೆ ಬಲ. ಆದರೆ ಒಂದು ಕೊರತೆ ಇತ್ತು. ಹಿಂದಿನ ಒಂದು ಚಕ್ರ ಕೆಸರಿನಲ್ಲಿ ಹೂತರೆ ಬಲವೆಲ್ಲ ಸುಲಭವಾಗಿ ತಿರುಗುವ ಆ ಚಕ್ರಕ್ಕೇ ಹೋಗುತ್ತದೆ. ಅದು ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನೆ ನಿಂತಿರುತ್ತದೆ. ಸಾಧಾರಣ ಡಿಫರೆನ್ಶಿಯಲ್ ಹೀಗೇ. ತಿರುವಿನಲ್ಲಿ ಅದು ಬೇಕು, ಕೆಸರಿನಲ್ಲಿ ಅದೇ ತೊಂದರೆ. ಕೆಲವರು ಹೊರಗಿನಿಂದ ಲಾಕ್ ತರಿಸಿ ಹಾಕಿಸಿಕೊಳ್ಳುತ್ತಿದ್ದರು.

2015ರ ಹೊಸ ರೂಪದಲ್ಲಿ ಕಂಪೆನಿಯವರೇ ಹಿಂದಿನ ಆಕ್ಸಲ್‌ಗೆ ಮೆಕ್ಯಾನಿಕಲ್ ಲಾಕ್ ಕೊಟ್ಟರು. ಇದಕ್ಕೆ ಬಟನ್ ಇಲ್ಲ. ಗಾಡಿ ನಿಧಾನವಾಗಿರುವಾಗ ಒಂದು ಚಕ್ರ ಇನ್ನೊಂದಕ್ಕಿಂತ ತೀರ ಜೋರಾಗಿ ತಿರುಗಿದರೆ ಅದೇ ಲಾಕ್ ಆಗಿ ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುತ್ತದೆ. ಮೊದಲ ಸಲ ಅಡಿಯಿಂದ ‘ಡಬ್’ ಎಂದು ಸದ್ದು ಬಂದಾಗ ನಮ್ಮ ತಮ್ಮ ಗಾಡಿ ನಿಲ್ಲಿಸಿ ಅಡಿಗೆ ಬಗ್ಗಿ ನೋಡಿದ್ದ. ಏನೂ ಆಗಿರಲಿಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಹತ್ತು ವರ್ಷದಲ್ಲಿ ಅದಕ್ಕೆ ನಾವು ಮಾಡಿದ್ದು ಕಂಪೆನಿ ಪುಸ್ತಕದಲ್ಲಿ ಹೇಳಿದ ಆಯಿಲನ್ನು ಹೇಳಿದ ಹೊತ್ತಿಗೆ ಬದಲಿಸಿದ್ದು ಮಾತ್ರ. ಬೇರೆ ಖರ್ಚಿಲ್ಲ.

ಹೊರಗಿನಿಂದ ಹಾಕಿಸಿದರೆ

ಗಾಡಿ ಬಂದ ಹೊಸತಿನಲ್ಲಿ ನೋಡಿದವರೆಲ್ಲ, ‘ಟಯರು ದೊಡ್ಡದು ಹಾಕಿ ಮಾರಾಯ್ರೆ, ಗಾರ್ಡ್ ಹಾಕಿ, ಈಗ ಆಟೋ ರಿಕ್ಷಾದ ಹಾಗೆ ಕಾಣ್ತದೆ’ ಎಂದಿದ್ದರು. ಅಣ್ಣ ಒಪ್ಪಲಿಲ್ಲ. ಕಂಪೆನಿ ಕೊಟ್ಟ ಅಳತೆಯ ಟಯರೇ ಇವತ್ತಿಗೂ ಉಂಟು, ಈಗಿನದ್ದು ಮೂರನೇ ಸೆಟ್.

ನಮ್ಮ ಪರಿಚಯದ ಹುಡುಗನೊಬ್ಬ ಅದೇ ವರ್ಷದ ಗಾಡಿಗೆ ಅಗಲದ, ಎತ್ತರದ ಟಯರು ಹಾಕಿಸಿದ. ನೋಡಲು ಚಂದವೇ ಇತ್ತು. ಆದರೆ ಟಯರಿನ ಭಾರ ಹೆಚ್ಚಾದರೆ ಬೇರಿಂಗ್, ಸ್ಟೀರಿಂಗ್, ಬ್ರೇಕ್ ಎಲ್ಲದರ ಮೇಲೂ ಹೊರೆ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಮೂರು ವರ್ಷದಲ್ಲಿ ಅವನು ಎರಡು ಸಲ ಬೇರಿಂಗ್ ಬದಲಿಸಿದ. ಮಾರಲು ಹೊರಟಾಗ ಕೊಳ್ಳುವವರು ಕೇಳಿದ್ದು, ‘ಹಳೆಯ ಟಯರು ಇಟ್ಟಿದ್ದೀರಾ?’ ಎಂದು.

ಕಾನೂನಿನ ಮಾತೂ ಉಂಟು. ಗಾಡಿ ತಯಾರಾಗಿ ಬಂದ ರೂಪಕ್ಕೆ ವಿರುದ್ಧವಾಗಿ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲಕನಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಉಂಟು. ಎದುರಿಗೆ ಹಾಕುವ ಕಬ್ಬಿಣದ ಗಾರ್ಡ್ ವಿರುದ್ಧ ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಅಪಘಾತವಾದಾಗ ನಡೆದು ಹೋಗುವವನಿಗೂ ಒಳಗೆ ಕೂತವನಿಗೂ ಅದರಿಂದ ಪೆಟ್ಟು ಹೆಚ್ಚು. ಹೇಳದೆ ಮಾಡಿಸಿದ ಬದಲಾವಣೆಯಿಂದ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರಬಹುದು. ಕಂಪೆನಿಯಿಂದಲೇ ಬಂದ ಲಾಕ್‌ಗೆ ಈ ಯಾವ ತಲೆಬಿಸಿಯೂ ಇಲ್ಲ.

ಮಳೆಗಾಲದ ಪಾಠ

ಕರಾವಳಿಯಲ್ಲಿ ಗಾಡಿಯ ದೊಡ್ಡ ಶತ್ರು ತುಕ್ಕು. ತೋಟದಿಂದ ಬಂದ ದಿನ ಅಡಿಭಾಗಕ್ಕೆ ಪೈಪ್ ಹಿಡಿದು ಕೆಸರು ತೊಳೆಯಬೇಕು. ಚಾಸಿಸ್‌ನ ಮೂಲೆಯಲ್ಲಿ ಕೂತ ಮಣ್ಣು ಒದ್ದೆ ಹಿಡಿದು ಕಬ್ಬಿಣವನ್ನು ತಿನ್ನುತ್ತದೆ. ಮೇಲಿನ ಕ್ಯಾನ್ವಾಸ್ ಹೊದಿಕೆಯನ್ನು ಎರಡು ಸಲ ಬದಲಿಸಿದ್ದೇವೆ, ಹಾಗಿದ್ದೂ ಆಷಾಢದಲ್ಲಿ ಸೋರುತ್ತದೆ. ಮ್ಯಾಟ್ ತೆಗೆದು ಒಣಗಿಸದಿದ್ದರೆ ಬೂಸಲು ಗ್ಯಾರಂಟಿ.

ಇನ್ನೊಂದು, ನಾಲ್ಕು ಚಕ್ರದ ಗಿಯರ್ ಹಾಕಿ ಒಣ ಡಾಮರಿನಲ್ಲಿ ಓಡಿಸಬಾರದು. ಅಲ್ಲಿ ಚಕ್ರ ಜಾರಲು ಜಾಗವಿಲ್ಲ. ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಕೆಸರು ಮುಗಿದ ಕೂಡಲೇ ಎರಡು ಚಕ್ರಕ್ಕೆ ಬಂದುಬಿಡಬೇಕು. ಹಾಗೆಯೇ ವರ್ಷವಿಡೀ ಬಳಸದೆ ಇಡುವುದೂ ಸರಿಯಲ್ಲ. ಬೇಸಿಗೆಯಲ್ಲೂ ಆಗಾಗ ತೋಟದ ಮಣ್ಣಿನಲ್ಲಿ ನಾಲ್ಕು ಚಕ್ರದ ಗಿಯರ್ ಹಾಕಿ ಸ್ವಲ್ಪ ಓಡಿಸುತ್ತೇವೆ.

2019ರ ಆಗಸ್ಟಿನಲ್ಲಿ ನೆರೆ ಬಂದು, ಚಾರ್ಮಾಡಿ ಘಾಟ್ ಕುಸಿದು ರಸ್ತೆ ಬಂದಾದ ದಿನಗಳಲ್ಲಿ ಗುಡ್ಡೆಯ ಮೇಲಿನ ಮನೆಗಳಿಂದ ವಯಸ್ಸಾದವರನ್ನು ಕೆಳಗೆ ತಂದದ್ದು, ಅಕ್ಕಿ ಗೋಣಿ ಮೇಲೆ ಮುಟ್ಟಿಸಿದ್ದು ಇದೇ ಗಾಡಿ. ಆದರೆ ಹರಿಯುವ ನೀರಿಗೆ ಅಣ್ಣ ಇಳಿಸಲಿಲ್ಲ. ‘ಥಾರ್ ಅಲ್ವಾ, ಹೋಗ್ತದೆ’ ಎಂದವರಿಗೆ ‘ಹೋಗ್ತದೆ, ಬರುವ ಗ್ಯಾರಂಟಿ ಇಲ್ಲ’ ಎಂದ. ಎಂಜಿನ್‌ಗೆ ನೀರು ಹೋಗಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಎಂಜಿನ್ ರಕ್ಷಣೆಯ ಪ್ರತ್ಯೇಕ ಕವರ್ ತೆಗೆದುಕೊಳ್ಳದಿದ್ದರೆ ಆ ನಷ್ಟಕ್ಕೆ ಇನ್ಶೂರೆನ್ಸ್ ಸಾಮಾನ್ಯವಾಗಿ ಸಿಗುವುದಿಲ್ಲ.

ಮನೆಯ ಲೆಕ್ಕ

ಡಾಮರಿನಲ್ಲಿ ಲೀಟರಿಗೆ 12, ಗುಡ್ಡೆಯಲ್ಲಿ 8 ಕಿಲೋಮೀಟರ್ ಸಿಗುತ್ತದೆ. ಕ್ಲಚ್ ಒಮ್ಮೆ, ಬ್ಯಾಟರಿ ಎರಡು ಸಲ ಬದಲಾಗಿದೆ. ಹಿಂದಿನ ಲೀಫ್‌ಗಳ ಬುಷ್ ಆಗಾಗ ಬದಲಿಸಬೇಕು. ಎಲ್ಲ ಖರ್ಚನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು ಮೂರು ಪಾಲು ಮಾಡುತ್ತೇವೆ. ಒಂದು ಗಾಡಿಯಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತ ಮನೆಗಳನ್ನು ನಾವು ಕಂಡಿದ್ದೇವೆ. ಬರೆದಿಟ್ಟ ಲೆಕ್ಕದ ಮೇಲೆ ಜಗಳ ಹುಟ್ಟುವುದು ಕಷ್ಟ.

ಈ ಸಲ ದಮ್ಮಾಮಿನಿಂದ ಬಂದ ಅಣ್ಣನ ಮಗ ಇದನ್ನು ಕೊಟ್ಟು ಹೊಸತು ತರುವ ಎಂದು ಕೂತ. ಅವನ ಮಾತಿನಲ್ಲಿ ನ್ಯಾಯ ಉಂಟು. ನಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಹಿಂದೆ ಅಡ್ಡ ಸೀಟು. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಎರಡೂ ಉಂಟು, ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ 4 ನಕ್ಷತ್ರ ಸಿಕ್ಕಿತ್ತು. ಉಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಮೋನೇ, ಸಾಲ ಎಷ್ಟಾಗ್ತದೆ? ನಿನ್ನ ಕೆಲಸ ಎಷ್ಟು ವರ್ಷ ಉಂಟು?’ ಅವನಿಗೆ ಉತ್ತರ ಹೇಳಲು ಆಗಲಿಲ್ಲ.

ಕೊನೆಗೆ ಆದ ತೀರ್ಮಾನ ಇದು: ಥಾರ್ ತೋಟಕ್ಕೆ ಮಾತ್ರ. ಮಕ್ಕಳನ್ನು ಹಿಂದೆ ಕೂರಿಸಿ ಮಂಗಳೂರಿಗೆ ಹೋಗುವುದು ಬಂದ್, ಅದಕ್ಕೆ ಬಸ್ಸು ಅಥವಾ ತಮ್ಮನ ಸಣ್ಣ ಕಾರು. ಗಾಡಿಯ ಆರ್‌ಸಿ 15 ವರ್ಷಕ್ಕೆ, ಅಂದರೆ 2030ರ ಕೊನೆಯವರೆಗೆ ಉಂಟು. ಆಮೇಲೆ ಪರೀಕ್ಷೆ ಮಾಡಿಸಿ 5 ವರ್ಷಕ್ಕೆ ನವೀಕರಿಸಬಹುದು. 10 ವರ್ಷ ದಾಟಿದ ಡೀಸೆಲ್ ಗಾಡಿಯ ಬಗ್ಗೆ ಕೇಳಿಬರುವ ನಿರ್ಬಂಧ ದೆಹಲಿ ಸುತ್ತಮುತ್ತಲಿನದ್ದು, ನಮ್ಮ ಜಿಲ್ಲೆಯದ್ದಲ್ಲ. ಆ ಹೆದರಿಕೆಯಿಂದ ಕಡಿಮೆ ಬೆಲೆಗೆ ಮಾರಬೇಕಾಗಿಲ್ಲ.

ಹೊಸತು ತೆಗೆಯುವವರಿಗೆ ಒಂದು ಮಾತು. 2023ರಿಂದ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವ ಥಾರ್ ಕೂಡ ಸಿಗುತ್ತದೆ. ನೋಡಲು ಎರಡೂ ಒಂದೇ. ನಾಲ್ಕು ಚಕ್ರದ್ದಾ, ಲಾಕ್ ಉಂಟಾ ಎಂದು ಷೋರೂಮಿನಲ್ಲಿ ಕೇಳಿ, ಬಿಲ್ಲಿನಲ್ಲಿ ಬರೆದದ್ದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ಅದಕ್ಕೂ ಮೊದಲು ನಿಮ್ಮ ಮನೆಗೆ ಹೋಗುವ ದಾರಿಯನ್ನೊಮ್ಮೆ ನೋಡಿ. ಅಂಗಳದವರೆಗೆ ಕಾಂಕ್ರೀಟ್ ಇದ್ದರೆ ಆ ಲಾಕ್‌ಗೆ ಅಲ್ಲಿ ಕೆಲಸವೇ ಇಲ್ಲ.