ನಿಂತ ಕಾರಿನ ಬ್ರೇಕು ಹಿಡಿದುಕೊಂಡರೆ

ಆಷಾಢದಲ್ಲಿ ನಮ್ಮ ಮಲೆನಾಡಿನಲ್ಲಿ ಮಳೆ ಬಿಡೋದೇ ಇಲ್ಲ. ಒಂದು ವರ್ಷ ನಮ್ಮ ಸಂಘದ ಹಳೇ ಕಾರು ಮೂರು ವಾರ ಅಂಗಳದಲ್ಲೇ ನಿಂತಿತ್ತು. ಸಂತೆಯ ದಿನ ಹಪ್ಪಳದ ಡಬ್ಬಗಳನ್ನು ತುಂಬಿದೆವು. ಇಂಜಿನ್ ಶುರುವಾಯಿತು. ಕಾರು ಮಾತ್ರ ಅಲುಗಲಿಲ್ಲ.

"ಯಾರದ್ದೋ ಕಣ್ಣು ಬಿದ್ದಿದೆ ಕಣ್ರೇ" ಎಂದರು ದೊಡ್ಡಮ್ಮ. ಕಣ್ಣಲ್ಲ. ಬ್ರೇಕು ಹಿಡಿದುಕೊಂಡಿತ್ತು.

ಯಾಕೆ ಹೀಗೆ? ಹಳೇ ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರದ ಒಳಗೆ ಸಾಮಾನ್ಯವಾಗಿ ಕಬ್ಬಿಣದ ಡ್ರಮ್ ಇರುತ್ತದೆ. ಬೋಗುಣಿಯ ಹಾಗೆ. ಅದರೊಳಗೆ ಎರಡು ಬ್ರೇಕ್ ಶೂ. ಹ್ಯಾಂಡ್ ಬ್ರೇಕ್ ಎಳೆದರೆ ಒಂದು ತಂತಿ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಮಳೆಯ ಥಂಡಿ ಒಳಗೆ ಹೋದರೆ ಡ್ರಮ್ಮಿಗೆ ತುಕ್ಕು ಹಿಡಿಯುತ್ತದೆ. ಒತ್ತಿಕೊಂಡಿದ್ದ ಶೂ ಆ ತುಕ್ಕಿಗೆ ಅಂಟಿಬಿಡುತ್ತದೆ. ಪೆಟ್ಟಿಗೆಯ ಹಳೇ ಬೀಗ ಮಳೆಗಾಲದಲ್ಲಿ ಬಿಗಿದುಕೊಳ್ಳುವುದಿಲ್ಲವೆ? ಹಾಗೇ. ಕೆಲವು ಸಲ ತಂತಿಗೇ ತುಕ್ಕು. ಆಗ ನಾವು ಹ್ಯಾಂಡ್ ಬ್ರೇಕ್ ಇಳಿಸಿದರೂ ತಂತಿ ವಾಪಸು ಬರುವುದಿಲ್ಲ.

ನಾವು ಏನು ಮಾಡಿದೆವು, ಕೇಳಿ. ಮೊದಲು ಕಾರಿನ ಹಿಂದೆ ಮುಂದೆ ಇದ್ದ ಮಕ್ಕಳನ್ನು ಜಗಲಿಗೆ ಕಳಿಸಿದೆವು. ಬ್ರೇಕು ಬಿಟ್ಟಾಗ ಕಾರು ಒಮ್ಮೆಲೇ ಸರಿಯುತ್ತದೆ, ಮರೀಬೇಡಿ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದೆವು. ರಿವರ್ಸ್ ಗೇರಿನಲ್ಲಿ ಮೆಲ್ಲಗೆ ಹಿಂದಕ್ಕೆ, ಫಸ್ಟ್ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಪ್ರಯತ್ನ ಮಾಡಿದೆವು. ಎಷ್ಟೋ ಸಲ ಇಷ್ಟಕ್ಕೇ 'ಟಕ್' ಎಂದು ಶಬ್ದ ಬಂದು ಚಕ್ರ ಬಿಡುತ್ತದೆ. ನಮ್ಮದು ಬಿಡಲಿಲ್ಲ. ಮೂರು ನಾಲ್ಕು ಸಲ ನೋಡಿ ನಿಲ್ಲಿಸಿದೆವು. ಜಾಸ್ತಿ ಜಗ್ಗಾಡಿದರೆ ಕ್ಲಚ್ ಸುಡುತ್ತದೆ.

ಪಕ್ಕದ ಮನೆ ಹುಡುಗ ಎಣ್ಣೆ ಡಬ್ಬ ತಂದ. "ಸ್ವಲ್ಪ ಬಿಡ್ತೀನಿ ಅತ್ತೆ, ಸಡಿಲ ಆಗ್ತದೆ" ಅಂದ. ನಾವು ಬೇಡ ಎಂದೆವು. ಬ್ರೇಕ್ ಶೂಗೆ ಎಣ್ಣೆ ತಾಗಿದರೆ ಅದು ಜಾರುತ್ತದೆ. ಆಮೇಲೆ ಘಾಟಿ ಇಳಿಯುವಾಗ ಬ್ರೇಕು ಹಿಡಿಯದಿದ್ದರೆ ಏನು ಗತಿ? ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ನುಸುಳುವುದೂ ಬೇಡ. ಜಾಕ್ ಜಾರಿದರೆ ಜೀವಕ್ಕೇ ಅಪಾಯ.

ಮೆಕ್ಯಾನಿಕ್ ಬಂದ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಚಕ್ರ ಬಿಚ್ಚಿ, ಡ್ರಮ್ಮನ್ನು ಸುತ್ತಲೂ ಮೆಲ್ಲಗೆ ತಟ್ಟಿದ. ಶೂ ಬಿಟ್ಟುಕೊಂಡಿತು. ಒಳಗಿನ ತುಕ್ಕನ್ನೂ ತೆಗೆದ.

ಬಿಟ್ಟ ಮೇಲೂ ಒಂದು ಪರೀಕ್ಷೆ ಇದೆ. ಸ್ವಲ್ಪ ದೂರ ಹೋಗಿ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈ ತನ್ನಿ. ಮುಟ್ಟಬೇಡಿ, ಸುಟ್ಟೀತು. ಒಂದು ಚಕ್ರ ಮಾತ್ರ ಹೆಚ್ಚು ಬಿಸಿ ಇದ್ದರೆ, ಸುಟ್ಟ ವಾಸನೆ ಬಂದರೆ, ಬ್ರೇಕು ಇನ್ನೂ ಹಿಡಿದೇ ಇದೆ. ಅಂಥ ಕಾರನ್ನು ಓಡಿಸಬಾರದು. ಅತಿಯಾಗಿ ಕಾದರೆ ಬ್ರೇಕ್ ಎಣ್ಣೆ ಕುದಿದು, ಪೆಡಲ್ ತುಳಿದರೂ ಬ್ರೇಕು ಬೀಳದೆ ಹೋಗಬಹುದು.

ಈಗ ನಾವು ಕಾರು ತೊಳೆದರೆ, ಹಳ್ಳ ದಾಟಿಸಿದರೆ, ಸ್ವಲ್ಪ ದೂರ ನಿಧಾನ ಓಡಿಸಿ ಬ್ರೇಕನ್ನು ಹಗುರಾಗಿ ತುಳಿಯುತ್ತೇವೆ. ಆ ಬಿಸಿಗೆ ನೀರು ಆರುತ್ತದೆ. ಬಹಳ ದಿನ ನಿಲ್ಲಿಸುವುದಾದರೆ ಮಟ್ಟಸ ಜಾಗ ನೋಡುತ್ತೇವೆ. ಫಸ್ಟ್ ಗೇರು ಹಾಕಿ, ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸುತ್ತೇವೆ. ಇಳಿಜಾರಿನಲ್ಲಿ ಹೀಗೆ ಮಾಡುವುದಿಲ್ಲ. ಅಲ್ಲಿ ಹ್ಯಾಂಡ್ ಬ್ರೇಕ್ ಬೇಕೇ ಬೇಕು.

ಆ ದಿನ ಸಂತೆಗೆ ಹೋದಾಗ ಮಧ್ಯಾಹ್ನ ದಾಟಿತ್ತು. ಅರ್ಧ ಹಪ್ಪಳ ವಾಪಸು ಬಂತು. ಮರದ ತುಂಡುಗಳು ಈಗ ಯಾವಾಗಲೂ ನಮ್ಮ ಕಾರಿನ ಡಿಕ್ಕಿಯಲ್ಲೇ ಇರುತ್ತವೆ.